ಕಿರುಗುಟ್ಟುವ ಬೂಟಿನ ದೊರೆ

ದೊರೆಯನ್ನು ನಾನು ಮೊದಲು ಕಂಡದ್ದು ನಮ್ಮ ಕಾಲೇಜಿನ ಪೋರ್ಟಿಕೋದಲ್ಲಿ, ಕೈಯಲ್ಲಿ ಪ್ಲಾಸ್ಟಿಕ್ ಹೂಗುಚ್ಛ ಹಿಡಿದು ನಿಂತಿದ್ದಾಗ. ಕೆಲಸಕ್ಕೆ ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ. ಪಾಠ ಮಾಡುತ್ತಿದ್ದ ನನ್ನನ್ನು ಅಟೆಂಡರ್ ಬಾಗಿಲಿನಿಂದಲೇ ಕರೆದು, "ಅತಿಥಿಗಳು ಬರ್ತಾ ಇದಾರೆ, ಹೂ ಕೊಡೋಕೆ ಪ್ರಿನ್ಸಿಪಾಲ್ರು ನಿಮ್ಮನ್ನೇ ಹೇಳಿದ್ರು" ಎಂದು ಗುಚ್ಛವನ್ನು ಕೈಗೆ ತುರುಕಿ ಹೋಗಿದ್ದ. ಎಲೆಗಳ ಮೇಲೆ ಧೂಳು ಕೂತಿತ್ತು. ದೊಡ್ಡವರಿಗೆ ಪ್ಲಾಸ್ಟಿಕ್ ಹೂವೇ ಕೊಡುವುದು, ಭದ್ರತೆಯ ದೃಷ್ಟಿಯಿಂದ ಇರಬೇಕು ಎಂದುಕೊಂಡೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇಂಥ ರೀತಿ ರಿವಾಜುಗಳನ್ನು ಕೇಳಿ ತಿಳಿಯಲು ಮನೆಯಲ್ಲಿ ಯಾರೂ ಇರಲಿಲ್ಲ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೆ. ಸೀಮೆಸುಣ್ಣದ ಕೈಯನ್ನು ಪ್ಯಾಂಟಿನ ಹಿಂಬದಿಗೆ ಒರೆಸಿಕೊಂಡೆ.

ಗೇಟಿನ ಕಡೆ ಶಿಳ್ಳೆ ಕೇಳಿಸಿತು. ಕಾರುಗಳು ಒಂದರ ಬಾಲ ಒಂದು ಹಿಡಿದಂತೆ ಒಳಗೆ ಬಂದವು. ನಡುವಿನ ಕಾರು ನನ್ನೆದುರಿಗೆ ನಿಂತದ್ದೇ ತಡ, ಆರು ಜನ ಪೊಲೀಸರು ಓಡಿಬಂದು ಬಾಗಿಲಿಗೆ ಬೆನ್ನು ಕೊಟ್ಟು ಸುತ್ತ ನಿಂತರು. ಕಾರಿನಿಂದ ಇಳಿದವರು ಭಾರಿ ಆಳು. ಕಪ್ಪು ಕೋಟಿನ ಗುಂಡಿ ಹೊಟ್ಟೆಯ ಮೇಲೆ ಕೂಡಲು ಒಪ್ಪದೆ ಆ ಕಡೆ ಈ ಕಡೆ ಮುಖ ತಿರುಗಿಸಿತ್ತು. ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಕೂದಲು. ಒಂದೊಂದು ಹೆಜ್ಜೆಗೂ ಬೂಟು ಕಿರ್ ಕಿರ್ ಎನ್ನುತ್ತಿತ್ತು. ನಾನು ಸೊಂಟ ಬಗ್ಗಿಸಿ ಹೂಗುಚ್ಛ ಕೊಟ್ಟು, ಅಷ್ಟು ಹೊತ್ತು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಸ್ವಾಗತದ ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸಿದೆ. ಅವರು ಗಂಭೀರವಾಗಿ ಕೇಳಿದರು. ಹೂವನ್ನು ಮೂಸಿದರು. ಧೂಳಿಗೆ ಎರಡು ಸಲ ಸೀನಿದರು.

"ತುಂಬಾ ಸಂತೋಷ," ಎಂದರು. "ಟಾಯ್ಲೆಟ್ ಎಲ್ಲಿದೆ?"

ಆರು ಜನರ ಹೆಜ್ಜೆಯೂ ಗಕ್ಕನೆ ನಿಂತಿತು. ಮುಂದಾಳಾಗಿದ್ದ ದಪ್ಪ ಮೀಸೆಯವನು ಪ್ರಿನ್ಸಿಪಾಲರನ್ನು ನೋಡಿದ. ಪ್ರಿನ್ಸಿಪಾಲರು ನನ್ನನ್ನು ನೋಡಿದರು. ನೋಡಲು ನನಗೆ ಯಾರೂ ಉಳಿದಿರಲಿಲ್ಲ. ನನಗೆ ಗೊತ್ತಿದ್ದದ್ದು ಕಾರಿಡಾರಿನ ಕೊನೆಯ ಸಿಬ್ಬಂದಿ ಟಾಯ್ಲೆಟ್. ಅದರ ಬಾಗಿಲನ್ನು ಮೊಣಕಾಲಿನಿಂದ ಒಮ್ಮೆ ತಿವಿದರೆ ಮಾತ್ರ ತೆರೆಯುತ್ತಿತ್ತು. ಕರೆದುಕೊಂಡು ಹೋಗಿ ತಿವಿದೆ. ಅವರು ಒಳಗೆ ಹೋದಷ್ಟೇ ಬೇಗ ಹೊರಗೆ ಬಂದರು.

"ಒಳಗಡೆ ಚಿಲಕ ಇಲ್ಲ. ಕಿಟಕಿಗೆ ಸರಳಿಲ್ಲ. ಈ ಕಾರಿಡಾರಲ್ಲಿ ಒಬ್ಬ ಕಾನ್‌ಸ್ಟೇಬಲ್ಲೂ ಇಲ್ಲ," ಎಂದು ಮೀಸೆಗೆ ಹೇಳಿ, ನನ್ನ ಕಡೆ ತಿರುಗಿ, "ನೀರು ಮಾತ್ರ ಚೆನ್ನಾಗಿ ಬರ್ತಿದೆ," ಎಂದರು. ಆಮೇಲೆ ಕೋಟು ಬಿಚ್ಚಿ ತೋಳ ಮೇಲೆ ಹಾಕಿಕೊಂಡರು. ಕೆಳಗಿನ ಖಾಕಿ ಪ್ಯಾಂಟು ನನ್ನ ಕಣ್ಣಿಗೆ ಬಿದ್ದದ್ದು ಆಗಲೇ.

ನಾನು ಪ್ರಿನ್ಸಿಪಾಲರ ಕಿವಿಯಲ್ಲಿ, "ಇವರು ಎಲ್ಲಿಯ ಮಂತ್ರಿಗಳು ಸಾರ್?" ಎಂದು ಕೇಳಿದೆ.

"ಮಂತ್ರಿ ಏನ್ರೀ? ನಮ್ಮ ಠಾಣೆ ಹೆಡ್ ಕಾನ್‌ಸ್ಟೇಬಲ್ಲು. ಇದು ರಿಹರ್ಸಲ್. ರಾಜಧಾನಿಯಿಂದ ನಿಜವಾದವರು ಬರೋದು ಮುಂದಿನ ವಾರ."

ಮೀಸೆ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊಟ್ಟ ಹೂವನ್ನು ವಾಪಸ್ ಕೇಳುವುದು ಹೇಗೆಂದು ತಿಳಿಯದೆ ನಾನು ನಿಂತಿದ್ದೆ. ಆ ಹೆಡ್ ಕಾನ್‌ಸ್ಟೇಬಲ್ಲೇ ತಂದುಕೊಟ್ಟರು. "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಇಷ್ಟು ವರ್ಷದಲ್ಲಿ ನನಗೆ ಬೇಕಾದಷ್ಟು ಜನ ಹೂ ಕೊಟ್ಟಿದಾರೆ. ಮನಸಾರೆ ಬಗ್ಗಿದೋರು ನೀವೊಬ್ರೇ."

ಠಾಣೆಯಲ್ಲಿ ಅವರಿಗೆ 'ದೊರೆ' ಎಂದೇ ಹೆಸರು. ಊರಿಗೆ ಯಾವ ಗಣ್ಯರು ಬಂದರೂ ಅವರಿಗಿಂತ ಮೊದಲು ದೊರೆ ಬರುತ್ತಿದ್ದರು. ಅದೇ ಕಾರು, ಅದೇ ಸೀಟು, ಅದೇ ದಾರಿ, ವೇದಿಕೆಯ ಮೇಲೆ ಅದೇ ಕುರ್ಚಿ. ಗಣ್ಯರ ಜಾಗದಲ್ಲಿ ಒಂದು ಜೀವ ಇಲ್ಲದಿದ್ದರೆ ಪೊಲೀಸರಿಗೆ ಅಭ್ಯಾಸ ಮಾಡಲು ಆಗುವುದಿಲ್ಲ; ಖಾಲಿ ಸೀಟನ್ನು ಎಷ್ಟು ಹೊತ್ತು ಅಂತ ಕಾಯುತ್ತಾರೆ? ಒಬ್ಬ ಅರಸ, ಇಬ್ಬರು ಮೂವರು ರಾಷ್ಟ್ರಾಧ್ಯಕ್ಷರು, ಲೆಕ್ಕವಿಲ್ಲದಷ್ಟು ಮಂತ್ರಿಗಳು, ಒಮ್ಮೆ ಶಾಲು ಹೊದ್ದು ಒಬ್ಬ ವಯಸ್ಸಾದ ಮಹಾರಾಣಿ, ಎಲ್ಲವೂ ಆಗಿದ್ದರು.

ಆದರೆ ಅವರು ಸುಮ್ಮನೆ ಕೂರುವ ಅತಿಥಿಯಲ್ಲ. ಅವರ ಕೆಲಸವೇ ಹಠ ಮಾಡುವುದು. ಕೆಂಪು ಹಾಸು ಬಿಟ್ಟು ಹುಲ್ಲಿನ ಮೇಲೆ ನಡೆಯುವುದು, ಇದ್ದಕ್ಕಿದ್ದಂತೆ ಜನರ ಕೈ ಕುಲುಕಲು ಓಡುವುದು, ಲಿಫ್ಟಿನಲ್ಲಿ ಬೇರೆ ಮಹಡಿಯ ಗುಂಡಿ ಒತ್ತುವುದು, ಟೀ ಬೇಡ ಎಂದು ಹೇಳಿ ಟೀ ಎಲ್ಲಿ ಎಂದು ಕೇಳುವುದು. ಸುತ್ತಲಿನ ಆರು ಜನರ ಗುಂಪಿಗೆ ಪೊಲೀಸರು 'ಬಳೆ' ಎನ್ನುತ್ತಾರೆ. ಬಳೆಯವರು ಯಾವತ್ತೂ ಅತಿಥಿಯ ಮುಖ ನೋಡುವುದಿಲ್ಲ. ಬೆನ್ನು ಅತಿಥಿಗೆ, ಕಣ್ಣು ಜನಕ್ಕೆ. ಅದರಲ್ಲೂ ಜನರ ಮುಖಕ್ಕಲ್ಲ, ಕೈಗಳಿಗೆ.

"ಮುಖ ನಗ್ತಾ ಇರುತ್ತೆ ಮೇಷ್ಟ್ರೇ, ಅದನ್ನ ನಂಬೋಕಾಗಲ್ಲ," ಎಂದು ಮೀಸೆ ಒಮ್ಮೆ ನನಗೆ ವಿವರಿಸಿದ. "ಕೈ ಏನ್ಮಾಡ್ತಿದೆ ನೋಡ್ಬೇಕು."

"ಹಾಗಾದ್ರೆ ಅತಿಥಿ ನಡೀತಿದಾರೋ ನಿಂತಿದಾರೋ ನಿಮಗೆ ಹೇಗೆ ಗೊತ್ತಾಗುತ್ತೆ?"

"ಹೆಜ್ಜೆ ಸದ್ದು. ದೊರೆ ಬೂಟಂತೂ ದೇವರು ಕೊಟ್ಟ ವರ. ನಿದ್ದೆಗಣ್ಣಲ್ಲೂ ಹಿಂದೆ ಹೋಗಬಹುದು."

ನಮ್ಮೂರಲ್ಲಿ ಮುಂದಿನ ಹಸುವಿನ ಕೊರಳ ಗಂಟೆಯ ಸದ್ದು ಹಿಡಿದು ಇಡೀ ಹಿಂಡು ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದುದು ನೆನಪಾಯಿತು. ಮೀಸೆಗೆ ಹೇಳಲಿಲ್ಲ.

ದೊರೆಯ ಮಗಳು ನನ್ನ ತರಗತಿಯವಳೇ ಎಂದು ಗೊತ್ತಾದದ್ದು ಆ ಮೊದಲ ರಿಹರ್ಸಲ್‌ನ ಮರುದಿನ. ಸ್ವಾಗತ ಭಾಷಣಕ್ಕೆ ಪ್ರಿನ್ಸಿಪಾಲರು ಆರಿಸಿದ್ದು ಅವಳನ್ನು; ತಯಾರು ಮಾಡಿಸುವ ಕೆಲಸ ನನ್ನ ತಲೆಗೆ ಬಂತು. ಹೀಗಾಗಿ ನಾನು ಪೊಲೀಸ್ ವಸತಿಗೃಹಗಳ ಎರಡನೆಯ ಸಾಲಿನ ಕೊನೆಯ ಮನೆಗೆ ಹೋಗತೊಡಗಿದೆ. ಎರಡು ಕೋಣೆ. ಮೊದಲ ಕೋಣೆಯ ಮೊಳೆಯಲ್ಲಿ ಒಗೆದ ಖಾಕಿ ಅಂಗಿ, ಪಕ್ಕದ ಮೊಳೆಯಲ್ಲಿ ಆ ಕಪ್ಪು ಕೋಟು. ಕೋಟು ಸರ್ಕಾರದ್ದಂತೆ, ಹಿಂದಿನ ಬದಲಿ ಅತಿಥಿ ತೆಳ್ಳಗಿದ್ದರಂತೆ. ಮೇಜಿನ ಮೇಲೆ ಮಗಳ ಪುಸ್ತಕ, ಹೊಲಿಗೆ ಯಂತ್ರ ಎರಡೂ ಜಾಗಕ್ಕಾಗಿ ಜಗಳವಾಡಿಕೊಂಡು ಕೂತಿದ್ದವು.

ಅವರ ಹೆಂಡತಿ ನನಗೆ ಸ್ಟೂಲು ಹಾಕಿ, ಕಿಟಕಿಯ ಕಡೆ ಕಿವಿ ಕೊಟ್ಟು, ಒಲೆಯ ಮೇಲೆ ಟೀ ನೀರಿಟ್ಟರು. ಬೀದಿಯ ತಿರುವಿನಲ್ಲಿ ಕಿರ್ ಕಿರ್ ಕೇಳಿಸಿತು. ದೊರೆ ಬಾಗಿಲಿಗೆ ಬರುವ ಹೊತ್ತಿಗೆ ಟೀ ಲೋಟಕ್ಕೆ ಇಳಿದಿತ್ತು.

"ಆ ಬೂಟು ರಿಪೇರಿ ಮಾಡಿಸಬಾರದಾ ಅಂತ ಎಲ್ಲರೂ ಕೇಳ್ತಾರೆ," ಎಂದರು ಆಕೆ. "ನಾನೇ ಬಿಟ್ಟಿಲ್ಲ. ಈ ಮನುಷ್ಯ ಬರೋದು ಅದರಿಂದಲೇ ಗೊತ್ತಾಗೋದು. ಫೋನ್ ಮಾಡಿ ಹೇಳೋ ಅಭ್ಯಾಸ ಅಂತೂ ಇಲ್ಲ."

"ಸ್ವಲ್ಪ ಸಕ್ಕರೆ ಜಾಸ್ತಿ ಹಾಕ್ಬೋದಿತ್ತು," ಎಂದರು ದೊರೆ ಲೋಟ ತುಟಿಗಿಟ್ಟು.

"ಮಹಾರಾಜರು ಡಬ್ಬಿ ಎಲ್ಲಿದೆ ಅಂತ ಬಲ್ಲರು. ಬಳೆಯೋರನ್ನ ಕರೆಸ್ಲಾ, ಅಡುಗೆ ಮನೆ ತನಕ ಜೊತೆಗೆ ಬರೋಕೆ?"

ದೊರೆ ತಾವೇ ಎದ್ದು ಹೋಗಿ ಸಕ್ಕರೆ ಹಾಕಿಕೊಂಡು ಬಂದರು. ಮಗಳು ಭಾಷಣ ಶುರು ಮಾಡಿದಳು. ಗಂಟಲು ಗಟ್ಟಿ, ಉಚ್ಚಾರ ಸ್ಪಷ್ಟ. ನಾನೇ ಹುಮ್ಮಸ್ಸಿನಲ್ಲಿ ಬರೆದುಕೊಟ್ಟಿದ್ದ 'ಕರ್ತವ್ಯನಿಷ್ಠೆಯ ಪ್ರತೀಕಸ್ವರೂಪರಾದ' ಎಂಬಲ್ಲಿ ಮಾತ್ರ ಎಡವುತ್ತಿದ್ದಳು. ಅಲ್ಲಿ ಬಂದಾಗಲೆಲ್ಲ ದೊರೆ ಮೆಲ್ಲಗೆ ಗಂಟಲು ಸರಿಮಾಡಿಕೊಳ್ಳುವರು. ಅವಳು ಒಂದು ಉಸಿರು ಎಳೆದುಕೊಂಡು ದಾಟುವಳು. ಪದ ಬದಲಾಯಿಸೋಣ ಎಂದೆ. ಅವಳು ಒಪ್ಪಲಿಲ್ಲ. "ಬೇಡ ಸಾರ್. ಅಪ್ಪ ಕೆಮ್ಮಿದ್ರೆ ಬರುತ್ತೆ."

"ನಿಜವಾದ ದಿನ ಅಪ್ಪ ಎಲ್ಲಿ ಸಿಗ್ತಾರೆ ಕೆಮ್ಮೋಕೆ?" ಎಂದರು ಅಡುಗೆ ಮನೆಯಿಂದ ಅವಳ ತಾಯಿ.

ಆಗ ನನಗೆ ಅವರ ಮನೆಯ ಹುಣ್ಣು ಯಾವುದೆಂದು ತಿಳಿಯಿತು. ಬದಲಿ ಅತಿಥಿಯಾದವನು ನಿಜವಾದ ಭೇಟಿಯ ದಿನ ಆ ಆವರಣದೊಳಗೆ ಇರಕೂಡದು ಎಂದು ಹಳೆಯ ನಿಯಮವಿತ್ತು. ಯಾರು ಮಾಡಿದ್ದು, ಯಾಕೆ ಮಾಡಿದ್ದು, ಠಾಣೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಆ ದಿನ ದೊರೆಯನ್ನು ಊರಾಚೆಯ ಯಾವುದಾದರೂ ಅಡ್ಡರಸ್ತೆಯಲ್ಲಿ ಲಾರಿ ತಡೆಯಲು ನಿಲ್ಲಿಸುತ್ತಿದ್ದರು. ಶಾಲೆಯ ನಾಟಕ, ಆಟದ ಪಂದ್ಯ, ಬಹುಮಾನ ಸಮಾರಂಭ, ಮಗಳ ಒಂದೊಂದಕ್ಕೂ ಹೀಗೇ ಆಗಿತ್ತು. ಸಮಾರಂಭವೆಂದರೆ ಯಾರೋ ಗಣ್ಯರು ಬರಲೇಬೇಕು. ಗಣ್ಯರು ಬಂದರೆ ದೊರೆ ಊರಾಚೆ.

"ಅಪ್ಪ ನನ್ನ ರಿಹರ್ಸಲ್ ಎಲ್ಲಾ ನೋಡಿದಾರೆ ಸಾರ್," ಎಂದಳು ಮಗಳು ನಗುತ್ತಲೇ. "ಶೋ ಒಂದೂ ನೋಡಿಲ್ಲ."

ದೊರೆ ಲೋಟದ ತಳದಲ್ಲಿದ್ದ ಸಕ್ಕರೆಯನ್ನು ಬೆರಳಿನಿಂದ ತಿರುವುತ್ತಿದ್ದರು. "ಇದು ಕೊನೇ ವರ್ಷ ಅಲ್ವಾ ನಿಂದು," ಎಂದರು. "ಈ ಸಲ ಕೇಳ್ತೀನಿ. ನಿಜದ್ದು ಕೇಳ್ತೀನಿ."

ಅನುಮತಿ ಕೇಳಿದ್ದು ಭದ್ರತೆಯ ಹೊಣೆ ಹೊತ್ತಿದ್ದ ಹಿರಿಯ ಪೊಲೀಸ್ ಅಧಿಕಾರಿ ಮೇಡಂ ಹತ್ತಿರ. ನಮ್ಮ ಸ್ಟಾಫ್ ರೂಮಿನಲ್ಲೇ ಅವರು ನಕ್ಷೆ ಹರಡಿಕೊಂಡು ಕೂತಿದ್ದರಿಂದ ನನಗೂ ಕೇಳಿಸಿತು.

"ಆಗಲ್ಲ," ಎಂದರು ಮೇಡಂ ತಲೆ ಎತ್ತದೆ. "ನಿಯಮ ಇದೆ."

"ಯಾಕಿದೆ ಅಂತ ಯಾರಿಗೂ ಗೊತ್ತಿಲ್ಲ ಮೇಡಂ. ಯಾರೋ ಹೆಂಡತಿ ಹತ್ರ ಜಗಳ ಆಡ್ಕೊಂಡು ಬಂದಿದ್ದ ದಿನ ಮಾಡಿರ್ಬೇಕು."

"ನಮಗೆ ಗೊತ್ತಿಲ್ಲ ಅಂದ ಮಾತ್ರಕ್ಕೆ ಕಾರಣ ಇಲ್ಲ ಅಂತಲ್ಲ ಕಣ್ರೀ. ಹೋಗಿ, ಟಾಯ್ಲೆಟ್ ಕಿಟಕಿಗೆ ಸರಳು ಹಾಕಿದ್ರಾ ನೋಡಿ."

ಕೊನೆಯ ಪೂರ್ವಾಭ್ಯಾಸ ಮುಗಿದ ಮೇಲೆ ಮಗಳೇ ಮೇಡಂ ಬಳಿ ಹೋದಳು. ಏನು ಹೇಳಿದಳೋ ನನಗೆ ಗೊತ್ತಿಲ್ಲ. ರಿಹರ್ಸಲ್, ಶೋ ಎನ್ನುವುದಷ್ಟೇ ಕಿವಿಗೆ ಬಿತ್ತು. ಮೇಡಂ ನಕ್ಷೆ ಮಡಚಿಟ್ಟು ದೊರೆಯನ್ನು ಕರೆಸಿದರು.

"ಪೋರ್ಟಿಕೋದ ಎಡಗಡೆ ಕಂಬ ಇದೆಯಲ್ಲ, ಅದರ ಹಿಂದೆ ನಿಲ್ಲಬೇಕು. ಅತಿಥಿಗಳು ಒಳಗೆ ಹೋಗಿ ಕುರ್ಚಿ ಮೇಲೆ ಕೂರೋ ತನಕ ಕದಲಬಾರದು. ಆಮೇಲೆ ಪಕ್ಕದ ಬಾಗಿಲಿಂದ ಬಂದು ಕೊನೇ ಸಾಲಲ್ಲಿ ಕೂತ್ಕೊಳ್ಳಿ. ಕೂತಿದ್ದೂ ಗೊತ್ತಾಗಬಾರದು, ಎದ್ದಿದ್ದೂ ಗೊತ್ತಾಗಬಾರದು."

"ಕಂಬ ಇದ್ದ ಹಾಗೆ ಇರ್ತೀನಿ ಮೇಡಂ."

"ಕಂಬದ ಹಿಂದೆ ಇರಿ ಸಾಕು. ಕಂಬ ನಿಮಗಿಂತ ಸಣ್ಣದು, ಅದು ಬೇರೆ ವಿಷಯ."

ಆ ದಿನ ಬಂತು. ನನ್ನ ಕೈಯಲ್ಲಿ ಈ ಸಲ ನಿಜವಾದ ಹೂವು. ಅದನ್ನು ಒಬ್ಬ ಪೊಲೀಸ್ ಎಸಳು ಎಸಳು ಬಿಡಿಸಿ ನೋಡಿದ್ದರಿಂದ ಹೂವು ಸ್ವಲ್ಪ ನಾಚಿಕೊಂಡಂತಿತ್ತು. ಮೇಡಂ ಸಭಾಂಗಣದ ವೇದಿಕೆಯ ಬಳಿ ಇದ್ದರು. ದೊರೆ ಕಂಬದ ಹಿಂದೆ ಇದ್ದರು. ಎರಡೂ ಕಡೆ ಸ್ವಲ್ಪ ಸ್ವಲ್ಪ ಹೊರಗೂ ಇದ್ದರು. ಹೆಂಡತಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿ, ಬೂಟಿಗೆ ಕನ್ನಡಿಯಂತೆ ಪಾಲಿಶ್ ಮಾಡಿ ಕಳಿಸಿದ್ದರು. ಇದ್ದದ್ದು ಅದೊಂದೇ ಜೊತೆ.

ಶಿಳ್ಳೆ ಕೇಳಿಸಿತು. ಕಾರುಗಳು ಬಂದವು. ನಡುವಿನದು ಕಂಬದಿಂದ ಕೈಯಳತೆ ದೂರದಲ್ಲಿ ನಿಂತಿತು. ಮೀಸೆ ಮತ್ತು ಅವನ ಐವರು ಓಡಿಬಂದು ಬೆನ್ನು ಕೊಟ್ಟು ನಿಂತರು. ಬಾಗಿಲು ತೆರೆಯಿತು. ರಾಜಧಾನಿಯ ಹಿರಿಯರು ಇಳಿಯಲಿಲ್ಲ. ನಾನು ಬಗ್ಗಿ ನೋಡಿದೆ. ಸಣ್ಣ ಆಳು, ನರೆತ ತಲೆ. ಸೀಟಿನ ಕೆಳಗೆ ಕೈ ಹಾಕಿ ಬಿದ್ದ ಕನ್ನಡಕ ಹುಡುಕುತ್ತಿದ್ದರು. ಅವರ ಸ್ವಂತ ಅಂಗರಕ್ಷಕನೂ ಆಚೆ ಬದಿಯಿಂದ ತಲೆ ತೂರಿಸಿ ಹುಡುಕುತ್ತಿದ್ದ.

ಪೂರ್ವಾಭ್ಯಾಸದಲ್ಲಿ ಬಾಗಿಲು ತೆರೆದ ಮೇಲೆ ಇಷ್ಟು ತಡ ಯಾವತ್ತೂ ಆಗಿರಲಿಲ್ಲ. ಬಾಗಿಲ ಸದ್ದು, ಆಮೇಲೆ ಬೂಟಿನ ಸದ್ದು. ಪ್ರತಿ ಸಲ ಹಾಗೆಯೇ. ಕಂಬದ ಹಿಂದಿದ್ದ ದೊರೆ ಬಾಗಿಲ ಸದ್ದು ಕೇಳಿದರು. ವರ್ಷಗಟ್ಟಲೆ ಆ ಸದ್ದಿಗೆ ಎದ್ದು ನಡೆದ ಕಾಲು. "ನನ್ನನ್ನ ಕೇಳ್ಲೇ ಇಲ್ಲ ಮೇಷ್ಟ್ರೇ ಅದು," ಎಂದು ಆಮೇಲೆ ಹೇಳಿದರು. ಕಾಲು ಕೆಂಪು ಹಾಸಿನ ಮೇಲೆ ಬಂತು. ಕಿರ್ ಎಂದಿತು.

ಬಳೆ ಕೂಡಿಕೊಂಡಿತು. ಕಿರ್ ಕಿರ್ ಮುಂದಕ್ಕೆ, ಬಳೆಯೂ ಮುಂದಕ್ಕೆ. ಯಾರೂ ಹಿಂದೆ ನೋಡಲಿಲ್ಲ. ನೋಡಬಾರದು ಎಂದೇ ಅಲ್ಲವೇ ಅವರು ಕಲಿತದ್ದು. ನನ್ನ ಕಣ್ಣೆದುರೇ ಆರು ಜನ ಪೊಲೀಸರು ಒಬ್ಬ ಹೆಡ್ ಕಾನ್‌ಸ್ಟೇಬಲನ್ನು ಪ್ರಾಣ ಒತ್ತೆಯಿಟ್ಟು ಕಾಪಾಡಿಕೊಂಡು ಒಳಗೆ ಹೋದರು. ನಾನು ಹೂಗುಚ್ಛ ಚಾಚಿಕೊಂಡು ಬಾಯಿ ತೆರೆದವನು ತೆರೆದಂತೆಯೇ ಉಳಿದೆ.

ಕಾರಿಡಾರಿನಲ್ಲಿ ನಡೆದದ್ದನ್ನು ಮೀಸೆಯೇ ನನಗೆ ಆಮೇಲೆ ಹೇಳಿದ್ದು. ಎರಡೂ ಕಡೆ ವಿದ್ಯಾರ್ಥಿನಿಯರು ಚಪ್ಪಾಳೆ ತಟ್ಟುತ್ತಿದ್ದರು. ಬೆನ್ನ ಹಿಂದಿನಿಂದ ಪಿಸುಮಾತು ಬಂತಂತೆ. "ಬಿಡ್ರೋ. ನಾನು ಅಲ್ಲ ಕಣ್ರೋ."

ದೊರೆ ಇಂಥ ತರಲೆಯನ್ನು ಪೂರ್ವಾಭ್ಯಾಸದಲ್ಲಿ ಎಷ್ಟೋ ಸಲ ಮಾಡಿದ್ದರು. ಅತಿಥಿ ಏನು ಹೇಳಿದರೂ ಬಳೆ ಬಿಚ್ಚಕೂಡದು ಎಂದು ಹೇಳಿಕೊಟ್ಟವರೂ ಅವರೇ. ಮೀಸೆ ಅಭ್ಯಾಸಬಲದಿಂದ, "ನಡಿ ದೊರೆ, ಸುಮ್ನೆ," ಎಂದನಂತೆ. ನಾಲ್ಕು ಹೆಜ್ಜೆ ಆದ ಮೇಲೆ ಅವನೇ ತಲೆ ತಿರುಗಿಸದೆ ಮೆಲ್ಲಗೆ ಕರೆದನಂತೆ.

"ದೊರೆ."

"ಹ್ಞಾಂ."

"ಇವತ್ತು ನಿಜವಾದ ದಿನ ಅಲ್ವಾ?"

"ಹೌದು."

"ಮತ್ತೆ ನೀನ್ಯಾಕೆ ಒಳಗಿದೀಯ?"

"ಅದನ್ನೇ ನಾನೂ ಕೇಳ್ತಿರೋದು."

ನಿಲ್ಲುವಂತಿಲ್ಲ. ಅಷ್ಟು ಜನರ ಮಧ್ಯೆ ಬಳೆ ನಿಂತರೆ ಏನೋ ಅನಾಹುತವೆಂದು ನೂಕುನುಗ್ಗಲು ಆಗುತ್ತದೆ. ನಡೆಯುತ್ತಲೇ ಸಭಾಂಗಣ ಹೊಕ್ಕರು. ಸಭೆ ಎದ್ದು ನಿಂತಿತು. ವೇದಿಕೆಯ ಬಳಿಯಿದ್ದ ಮೇಡಂ ಕಣ್ಣು ಮುಚ್ಚಿ ತೆರೆದರಂತೆ, ಕನಸಿದ್ದರೆ ಹೋಗಲಿ ಎಂದು. ವೇದಿಕೆಯ ಮೇಲೆ ಮೈಕು ಹಿಡಿದು ನಿಂತ ಮಗಳು. ಅತಿಥಿ ಕುರ್ಚಿಯ ಬಳಿ ಬಂದ ಕೂಡಲೇ ಶುರು ಮಾಡಬೇಕು ಎಂದು ಅಭ್ಯಾಸ ಮಾಡಿಸಿದವನು ನಾನೇ. ಕುರ್ಚಿಯ ಬಳಿ ಅಪ್ಪ ಬಂದು ನಿಂತಿದ್ದಾರೆ.

"ಮಾನ್ಯ ಅತಿಥಿಗಳೇ," ಎಂದವಳು ಅಲ್ಲಿಗೇ ನಿಂತಳು.

ದೊರೆ ಒಮ್ಮೆ ಮಗಳನ್ನು ನೋಡಿದರು, ಒಮ್ಮೆ ಮೀಸೆಯನ್ನು. ಅವನ ಮೀಸೆ ನೆಲ ನೋಡುತ್ತಿತ್ತು. ವಿಷಯ ಹೊರಬಿದ್ದರೆ ಆರು ಜನರ ಕೆಲಸಕ್ಕೆ ಸಂಚಕಾರ. ಸುಮ್ಮನೆ ಪಕ್ಕಕ್ಕೆ ಸರಿದು ಕೊನೆಯ ಸಾಲಿಗೆ ಹೋಗಿ ಕೂತುಬಿಡಬಹುದಿತ್ತು. ಮೇಡಂ ಅನುಮತಿ ಕೊಟ್ಟಿದ್ದ ಜಾಗ ಅದೇ ಆಗಿತ್ತು. ಆದರೆ ಬಳೆ ಮಾತ್ರ ಖಾಲಿಯಾಗಿ ವಾಪಸ್ ಹೋದರೆ ಸಭೆಯೆಲ್ಲ ನಗುತ್ತಿತ್ತು.

ಅವರು ಬಗ್ಗಿ ಕುರ್ಚಿಯ ಕೆಳಗೆ ನೋಡಿದರು. ಅದರ ಕಾಲುಗಳನ್ನು ಒಂದೊಂದಾಗಿ ಅಲ್ಲಾಡಿಸಿದರು. ಭಾರ ಬಿಟ್ಟು ಕೂತು ಎದ್ದರು. ಮಗಳ ಕೈಯಿಂದ ಮೈಕು ತೆಗೆದುಕೊಂಡು, "ಕುರ್ಚಿ ತಪಾಸಣೆ ಆಯ್ತು," ಎಂದರು. "ನನ್ನನ್ನ ತಡೀತು ಅಂದ್ರೆ ಯಾರನ್ನ ಬೇಕಾದ್ರೂ ತಡಿಯುತ್ತೆ. ಎಲ್ಲರೂ ಕೂತ್ಕೊಳ್ಳಿ. ಎದ್ದು ನಿಂತಿದ್ದು ಬಹಳ ಚೆನ್ನಾಗಿತ್ತು. ಅತಿಥಿಗಳು ಈಗ ಬರ್ತಾರೆ, ಆಗಲೂ ಹೀಗೇ ನಿಂತ್ಕೊಳ್ಳಿ."

ಸಭೆ ನಕ್ಕು ಕೂತಿತು. ಮುಂದಿನ ಸಾಲಿನಲ್ಲಿದ್ದ ಪ್ರಿನ್ಸಿಪಾಲರು ಪಕ್ಕದವರಿಗೆ, "ಎಷ್ಟು ಕಟ್ಟುನಿಟ್ಟು ನೋಡಿ ಇವರದು," ಎಂದರಂತೆ. ದೊರೆ ಮೈಕನ್ನು ಮಗಳಿಗೆ ಕೊಟ್ಟು, ಬಳೆಯನ್ನು ಕರೆದುಕೊಂಡು ಬಂದ ದಾರಿಯಲ್ಲೇ ಹೊರಟುಹೋದರು. ಅವರು ಈ ಸಲವೂ ಶೋಗೆ ಇರುವುದಿಲ್ಲ ಎಂದು ಅವಳಿಗೆ ಅರ್ಥವಾಯಿತು.

ಇತ್ತ ಪೋರ್ಟಿಕೋದಲ್ಲಿ ಕನ್ನಡಕ ಸಿಕ್ಕಿತ್ತು. ಹಿರಿಯರು ಇಳಿದರು. ಕಾಲಿಗೆ ಮೆತ್ತನೆಯ ಬಟ್ಟೆಯ ಬೂಟು. ಬೆಕ್ಕು ನಡೆದರೂ ಇದಕ್ಕಿಂತ ಹೆಚ್ಚು ಸದ್ದು ಮಾಡುತ್ತದೆ. ಸುತ್ತ ಯಾರೂ ಇಲ್ಲದ್ದನ್ನು ನೋಡಿ ಅವರಿಗೆ ಆಶ್ಚರ್ಯವಾಯಿತೋ ಸಂತೋಷವಾಯಿತೋ ಹೇಳಲಾರೆ. ನಾನು ಬಗ್ಗಿ ಹೂ ಕೊಟ್ಟೆ. ಅವರು ನನ್ನ ಕಿವಿಯ ಹತ್ತಿರ ಬಂದು, "ದಾರಿ ಬಹಳ ಉದ್ದ ಆಯ್ತಪ್ಪ. ಟಾಯ್ಲೆಟ್ ಎಲ್ಲಿದೆ?" ಎಂದರು.

ಆ ಕ್ಷಣದಲ್ಲಿ ನನಗೆ ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ. ಅವರನ್ನೂ ಅಂಗರಕ್ಷಕನನ್ನೂ ಕರೆದುಕೊಂಡು ಹೋದೆ. ಹೊಸ ಚಿಲಕ, ಕಿಟಕಿಗೆ ಸರಳು, ಬಾಗಿಲಲ್ಲಿ ಕಾನ್‌ಸ್ಟೇಬಲ್, ಎಲ್ಲವೂ ಇತ್ತು. ಬಾಗಿಲನ್ನು ತಿವಿಯುವ ಅಗತ್ಯವೂ ಇರಲಿಲ್ಲ. ನಾನು ಅಭ್ಯಾಸದಿಂದ ತಿವಿದು ಮುಗ್ಗರಿಸಿದೆ. ಅವರು ಕರವಸ್ತ್ರದಲ್ಲಿ ಕೈ ಒರೆಸುತ್ತ ಹೊರಗೆ ಬರುವುದಕ್ಕೂ ಬಳೆ ಏದುಸಿರು ಬಿಡುತ್ತ ಬಂದು ಸುತ್ತುವರಿಯುವುದಕ್ಕೂ ಸರಿಹೋಯಿತು. ಮೀಸೆ ತನ್ನ ಸೇವೆಯಲ್ಲೇ ಮೊದಲ ಬಾರಿ ಹಿಂದಿರುಗಿ ಅತಿಥಿಯ ಮುಖವನ್ನು ಚೆನ್ನಾಗಿ ನೋಡಿಕೊಂಡ. ಆಮೇಲೆ ನಡೆದ.

ದೊರೆ ಯಾರೂ ಹೇಳುವ ಮೊದಲೇ ಹೋಗಿ ಅಂಗಳದ ಮರದ ಕೆಳಗೆ ನಿಂತಿದ್ದ ಮೇಡಂ ಜೀಪಿನಲ್ಲಿ ಹಿಂದಿನ ಸೀಟಿನ ಮೇಲೆ ಕೂತರು. ಅತಿಥಿಗಳನ್ನು ಕುರ್ಚಿಗೆ ಮುಟ್ಟಿಸಿ ಮೇಡಂ ಹೊರಗೆ ಬಂದರು. ನಾನು ಮೆಟ್ಟಿಲ ಮೇಲೆ ಇದ್ದೆ. ಇನ್ನು ದೊರೆಯ ಕಥೆ ಮುಗಿಯಿತು ಎಂದುಕೊಂಡೆ. ಮೇಡಂ ಮುಂದಿನ ಸೀಟಿನಲ್ಲಿ ಕೂತು, ಮರಕ್ಕೆ ಕಟ್ಟಿದ್ದ ಧ್ವನಿವರ್ಧಕದ ಕಡೆ ಕೈ ತೋರಿಸಿದರು.

"ಮೊದಲು ಕೇಳಿಸ್ಕೊಳ್ಳಿ. ಆಮೇಲೆ ಬಯ್ತೀನಿ."

ಮಗಳ ದನಿ ಬಂತು. 'ಮಾನ್ಯ ಅತಿಥಿಗಳೇ' ಎಂದು ಶುರುವಾಗಿ, ನಿಧಾನವಾಗಿ, ಎಲ್ಲೂ ಅವಸರವಿಲ್ಲದೆ ಸಾಗಿತು. ದೊರೆ ಕತ್ತು ಹೊರಗೆ ಚಾಚಿ ಮರದತ್ತ ನೋಡುತ್ತಿದ್ದರು. ಆ ಪದ ಹತ್ತಿರ ಬಂದಿತು. ದೊರೆ ಗಂಟಲು ಸರಿಮಾಡಿಕೊಂಡರು.

"ಯಾಕ್ರೀ ಕೆಮ್ತೀರಿ?"

"ಅಲ್ಲಿ ಎಡವ್ತಾಳೆ ಮೇಡಂ."

ಮಗಳು ಎಡವಲಿಲ್ಲ. 'ಕರ್ತವ್ಯನಿಷ್ಠೆಯ ಪ್ರತೀಕಸ್ವರೂಪರಾದ' ಎಂಬುದನ್ನು ಮನೆಯ ಹೊಸ್ತಿಲು ದಾಟಿದಷ್ಟು ಸಲೀಸಾಗಿ ದಾಟಿ ಮುಂದೆ ಹೋದಳು. ಚಪ್ಪಾಳೆ ಬಿತ್ತು. ದೊರೆ ಸೀಟಿಗೆ ಒರಗಿ ಕೂತರು. ಮುಖದಲ್ಲಿ ಖುಷಿಯಿತ್ತು. ಕೈಯಲ್ಲಿದ್ದದ್ದನ್ನು ಯಾರೋ ತೆಗೆದುಕೊಂಡು ಹೋದಂಥ ಪೆಚ್ಚುತನವೂ ಇತ್ತು.

"ರಿಹರ್ಸಲ್‌ನಲ್ಲಿ ಒಂದ್ಸಲವೂ ಹೀಗೆ ಹೇಳಿರ್ಲಿಲ್ಲ," ಎಂದರು.

"ಅದಕ್ಕೇ ಕಣ್ರೀ ಅದನ್ನ ರಿಹರ್ಸಲ್ ಅನ್ನೋದು," ಎಂದರು ಮೇಡಂ. ಆಮೇಲೆ ಬಯ್ದರು. ಹೇಳಿದ ಮಾತಿಗೆ ತಪ್ಪದೆ, ವಂದನಾರ್ಪಣೆ ಮುಗಿಯುವ ತನಕ ಬಯ್ದರು. ಆ ಹಳೆಯ ನಿಯಮಕ್ಕೆ ಕಾರಣ ಏನೆಂದು ಈಗ ಇಡೀ ಠಾಣೆಗೆ ಗೊತ್ತಾಯಿತು, ಇನ್ನು ಯಾರೂ ಮರೆಯುವುದಿಲ್ಲ ಎಂಬುದು ಬೈಗುಳದ ಕೊನೆಯ ಮಾತಾಗಿತ್ತು.

ತಿಂಗಳೊಳಗೆ ದೊರೆಗೆ ಪೊಲೀಸ್ ತರಬೇತಿ ಶಾಲೆಗೆ ವರ್ಗವಾಯಿತು. ಶಿಕ್ಷೆ ಎಂದು ಠಾಣೆಯವರು ಮರುಗಿದರು. ವರ್ಗದ ಆದೇಶ ಕೈಗೆ ಕೊಡುವಾಗ ಮೇಡಂ, "ಅಲ್ಲಿಯೋರನ್ನ ಗಣ್ಯರ ಡ್ಯೂಟಿಗೆ ಯಾರೂ ಕರೆಯಲ್ಲ. ಊರಿಗೆ ಯಾರು ಬಂದರೂ ನಿಮಗೆ ಮಾಮೂಲಿ ದಿನವೇ," ಎಂದಷ್ಟೇ ಹೇಳಿದರಂತೆ. ದೊರೆಗೆ ಆ ಮಾತಿನ ಬೆಲೆ ತಿಳಿದದ್ದು ಮಗಳಿಗೆ ಪದವಿ ಕೊಟ್ಟ ದಿನ. ಅವತ್ತೂ ಯಾರೋ ದೊಡ್ಡವರು ಬಂದಿದ್ದರು, ಯಾರೆಂದು ನನಗೆ ನೆನಪಿಲ್ಲ. ದೊರೆ ಹೆಂಡತಿಯ ಪಕ್ಕದಲ್ಲಿ ಮೂರನೆಯ ಸಾಲಿನಲ್ಲಿ ಕೂತಿದ್ದರು. ಮಗಳು ವೇದಿಕೆ ಹತ್ತುವಾಗ ಎದ್ದು ನಿಂತರು. ಹಿಂದಿನವರು ಕಾಣಿಸುವುದಿಲ್ಲ ಎಂದು ಗೊಣಗಿದರೂ ಕೂರಲಿಲ್ಲ.

ಈಗ ಅವರು ತರಬೇತಿ ಶಾಲೆಯ ಅತಿಥಿ. ದಿನವೂ ಬೆಳಿಗ್ಗೆ ಹಳೆಯ ಕಾರೊಂದರಿಂದ ಇಳಿದು, ಹೊಸದಾಗಿ ಸೇರಿದವರ ಬಳೆಯೊಳಗೆ ಮೈದಾನ ಸುತ್ತುತ್ತಾರೆ, ಸಿಕ್ಕಸಿಕ್ಕಲ್ಲಿ ಹಠ ಮಾಡುತ್ತಾರೆ. ಬಳೆಯವರ ಕಿವಿ ಒಂದೇ ಸದ್ದಿಗೆ ಒಗ್ಗಿಹೋಗದಿರಲೆಂದು ದಿನಕ್ಕೊಂದು ಬಗೆಯ ಬೂಟು ಹಾಕಿಕೊಳ್ಳಬೇಕೆಂದು ಮೇಡಂ ಆದೇಶವಿದೆ. ಸಂಜೆ ರಬ್ಬರಿನ ಅಟ್ಟೆಯಲ್ಲಿ ಸದ್ದಿಲ್ಲದೆ ಮನೆಗೆ ಬರುತ್ತಾರೆ, ಟೀ ಕುದಿಯುವ ತನಕ ಬಾಗಿಲಲ್ಲಿ ಕಾಯುತ್ತಾರೆ.